ಎಂಟೂವರೆಯ ಮಳೆ, ಗೋಡೆ ಗೂಡಿನ ಸರ್ವರ್

ನಮ್ಮ ಮಳೆ ಲೆಕ್ಕದ ಸೈಟಿಗೆ ಜನ ಬರುವುದು ಬೆಳಿಗ್ಗೆ ಎಂಟೂವರೆಗೆ. ಹತ್ತು ಗಂಟೆ ತನಕ ಒಂದಷ್ಟು ಓಡಾಟ. ಆಮೇಲೆ ಇಡೀ ದಿನ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆ ತನಕ ಮಾಪಕದೊಳಗೆ ಬಿದ್ದದ್ದೇ ಇವತ್ತಿನ ಮಳೆ. ಹಾಗಾಗಿ ಮಳೆ ಅಳೆಯುವ ಮನೆಗಳವರೆಲ್ಲ ಅದೇ ಹೊತ್ತಿಗೆ ಕೊಡೆ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಅಳೆದು, ನೀರು ಚೆಲ್ಲಿ, ಜಗಲಿಗೆ ಬಂದು ಎಸ್ಸೆಮ್ಮೆಸ್ ಹಾಕುತ್ತಾರೆ. ಆಮೇಲೆ ಉಳಿದವರ ಮನೆಯಲ್ಲಿ ಎಷ್ಟು ಬಂತು ಅಂತ ನೋಡುತ್ತಾರೆ.

ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ತಾಲ್ಲೂಕುಗಳು ಸೇರುವ ಮೂಲೆ ಇದು. ಆಗುಂಬೆ ದೂರ ಇಲ್ಲ. ಇಲ್ಲಿ ಒಂದು ಗುಡ್ಡದ ಈಚೆ 80 ಮಿಲಿಮೀಟರ್ ಬಂದ ದಿನ ಆಚೆ 130 ಬಂದಿರುತ್ತದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿ ಇವೆ, ಅವು ಬೇಕು ಕೂಡ. ಆದರೆ ನಮ್ಮಲ್ಲಿ ಒಂದು ಪಂಚಾಯಿತಿ ಅಂದರೆ ಹತ್ತಾರು ಹಳ್ಳ, ಕೊಪ್ಪಲು, ಕಣಿವೆ. ಅಡಿಕೆ ಬೆಳೆಗಾರನಿಗೆ ಬೇಕಾದದ್ದು ತನ್ನ ಕಣಿವೆಯ ಲೆಕ್ಕ. ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರನ್ನು ಇವತ್ತು ಕರೆಸಬೇಕಾ, ಬೇಡವಾ? ಹೊಡೆದದ್ದು ಗೊನೆಯ ಮೇಲೆ ಒಣಗುವಷ್ಟು ಹೊಳವು ಸಿಗುತ್ತಾ? ಸಿಗದಿದ್ದರೆ ಮೈಲುತುತ್ತವೂ ಸುಣ್ಣವೂ ಕೂಲಿಯೂ ಒಟ್ಟಿಗೆ ತೊಳೆದು ಹೋಗುತ್ತದೆ. ಹೊಡೆಯದೆ ಬಿಟ್ಟರೆ ಕೊಳೆ ರೋಗ. ಹೀಗಾಗಿ ಒಂದು ಸಣ್ಣ ಅಂಕಿಗೆ ಇಲ್ಲಿ ಬೆಲೆ ಇದೆ.

ಸೈಟ್ ಓಡುವುದು ನಮ್ಮ ಪಡಸಾಲೆಯ ಗೋಡೆ ಗೂಡಿನಲ್ಲಿ ಕೂತ ಹಳೆಯ ಮಿನಿ ಪಿಸಿಯಲ್ಲಿ. ಕೇಳಿದವರಿಗೆಲ್ಲ ಪುಟ ಕಳಿಸುವ ಇಂಥ ಯಂತ್ರಕ್ಕೇ ಸರ್ವರ್ ಅನ್ನುವುದು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಮಾಲು. ಯಾವುದೋ ಆಫೀಸಿನಿಂದ ಹೊರಬಿದ್ದದ್ದು. ನಮ್ಮ ಕೆಲಸಕ್ಕೆ ಅದು ಜಾಸ್ತಿಯೇ ಆಯಿತು. ಇಡೀ ಸೈಟ್ ಅಂದರೆ ಒಂದು ಪಟ್ಟಿ, ಒಂದು ನಕ್ಷೆ, ಹಳೆಯ ವರ್ಷಗಳ ಕೋಷ್ಟಕ. ಅಷ್ಟಕ್ಕೆ ದೊಡ್ಡ ಯಂತ್ರ ಬೇಕಿಲ್ಲ.

ಸರ್ವರ್ ನಡೆಸುವವರು ಮಾತಿಗೆ ಕೂತರೆ ಒಂಬತ್ತುಗಳ ಲೆಕ್ಕ ಬಂದೇ ಬರುತ್ತದೆ. 99 ಪರ್ಸೆಂಟ್ ಹೊತ್ತು ಎದ್ದಿರುವ ಸೈಟ್ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಸ್ವಲ್ಪ ಹೆಚ್ಚು ಮಲಗಿರುತ್ತದೆ. 99.9 ಅಂದರೆ ಎಂಟೂಮುಕ್ಕಾಲು ಗಂಟೆ. 99.99 ಅಂದರೆ ಐವತ್ತೆರಡು ನಿಮಿಷ. ದೊಡ್ಡ ಕಂಪನಿಗಳಿಗೆ ಇದು ಸರಿ. ನಮ್ಮಂಥವರಿಗೆ ಈ ಲೆಕ್ಕ ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ದಿನಕ್ಕೆ ಎಂಟೂವರೆಯಿಂದ ಹತ್ತರವರೆಗೆ ಒಂದೂವರೆ ಗಂಟೆ. ಒಟ್ಟು 183 ಗಂಟೆ. ವರ್ಷಕ್ಕಿರುವುದು 8,760 ಗಂಟೆ. ಆ 183 ಗಂಟೆಯೂ ಸೈಟ್ ಮಲಗಿ, ಉಳಿದ ಅಷ್ಟೂ ಹೊತ್ತು ಎದ್ದಿತ್ತು ಅಂತಿಟ್ಟುಕೊಳ್ಳಿ. ಕಾಗದದ ಮೇಲೆ ಅದು 98 ಪರ್ಸೆಂಟ್‌ಗೆ ಹತ್ತಿರ! ಊರಿನವರ ಪಾಲಿಗೆ ಸೊನ್ನೆ. ಅವರು ಹೇಳುವುದೂ ನೇರ. ಪುಟ ತೆರೆಯದಿದ್ದರೆ ಫೋನ್ ಬರುತ್ತದೆ: "ಎಂತ ಮಾರಾಯ, ಇವತ್ತು ನಿನ್ನ ಮಳೆ ಬರ್ಲೇ ಇಲ್ಲ?"

ಇನ್ನೊಂದು ತೊಡಕು ಇದೆ. ಜನಕ್ಕೆ ಸೈಟ್ ತೀರಾ ಬೇಕಾಗುವ ದಿನವೇ ಮನೆಯ ಸರ್ವರ್ ಕೈಕೊಡುವ ದಿನ. 2019ರ ಆಗಸ್ಟ್‌ನಲ್ಲಿ ಸುರಿದಂಥ ಮಳೆ ಬಂದಾಗ ಗಾಳಿಗೆ ಮರ ಬೀಳುತ್ತದೆ, ಮರ ಲೈನಿನ ಮೇಲೆ ಬೀಳುತ್ತದೆ. ನಮ್ಮ ಕಡೆ ಇಂಟರ್ನೆಟ್ ತರುವ ಫೈಬರ್ ಕೇಬಲ್ ಬರುವುದೂ ಅದೇ ಕರೆಂಟ್ ಕಂಬಗಳ ಮೇಲೆ. ಒಂದು ಕೊಂಬೆ ಎರಡನ್ನೂ ಒಟ್ಟಿಗೆ ಎಳೆದು ಹಾಕುತ್ತದೆ. ಹಾಗಾಗಿ ಕರೆಂಟಿಗೆ ಒಂದು ಉಪಾಯ, ಇಂಟರ್ನೆಟ್ಟಿಗೆ ಇನ್ನೊಂದು ಉಪಾಯ ಅಂತ ಬೇರೆಬೇರೆಯಾಗಿ ಯೋಚಿಸಿ ಕೂತರೆ ಆಗುವುದಿಲ್ಲ. ಎರಡೂ ಒಟ್ಟಿಗೆ ಹೋದಾಗ ಏನು ಅನ್ನುವುದೇ ಪ್ರಶ್ನೆ.

ಕರೆಂಟಿನ ವಿಷಯ ಮೊದಲು. ಮಿನಿ ಪಿಸಿ ಸುಮ್ನೆ ಕೂತಾಗ ಹತ್ತು ವಾಟ್ ಆಸುಪಾಸು ಎಳೆಯುತ್ತದೆ. ರೂಟರ್, ಫೈಬರ್ ಡಬ್ಬಿ ಸೇರಿ ಇನ್ನೊಂದು ಹತ್ತು. ಒಟ್ಟು ಇಪ್ಪತ್ತು ವಾಟ್ ಅಂದರೆ ತಿಂಗಳಿಗೆ ಹದಿನಾಲ್ಕೂವರೆ ಯೂನಿಟ್. ಗೃಹಜ್ಯೋತಿ ಬಂದ ಮೇಲೆ ಈ ಹದಿನಾಲ್ಕು ಯೂನಿಟ್ಟನ್ನೂ ಮನೆಯವರು ಲೆಕ್ಕ ಇಡುತ್ತಾರೆ. ಹಿಂದಿನ ಬಳಕೆಯ ಸರಾಸರಿ, ಅದರ ಮೇಲೆ ಒಂದಿಷ್ಟು, ಅಷ್ಟು ದಾಟಿದರೆ ಬಿಲ್ಲು ತಾನೇ? ಮನೆಯ ಇನ್ವರ್ಟರಿಗೆ 150 ಆಂಪಿಯರ್ ಅವರ್ ಬ್ಯಾಟರಿ. 12 ವೋಲ್ಟ್ ಲೆಕ್ಕದಲ್ಲಿ 1,800 ವಾಟ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆ. ಉಳಿದ 900ರಲ್ಲಿ ಇನ್ವರ್ಟರ್ ತಾನೇ ಒಂದು ಪಾಲು ತಿನ್ನುತ್ತದೆ. ಬೇರೆ ಏನೂ ಹಾಕದಿದ್ದರೆ ಸರ್ವರ್ ಒಂದು ಹಗಲು ಒಂದು ರಾತ್ರಿ ನಡೆಯುತ್ತದೆ. ಫ್ಯಾನು, ಲೈಟು, ಮಿಕ್ಸಿ ಸೇರಿಸಿದರೆ ಆ ಮಾತು ಮರೆತುಬಿಡಿ.

ಇಲ್ಲಿ ಒಂದು ಸಣ್ಣ ಉಳಿತಾಯ ಇದೆ, ಬಹಳ ಜನ ಗಮನಿಸುವುದಿಲ್ಲ. ಬ್ಯಾಟರಿಯಲ್ಲಿರುವುದು 12 ವೋಲ್ಟ್ ಡಿಸಿ. ರೂಟರ್ ಕೇಳುವುದೂ 12 ವೋಲ್ಟ್ ಡಿಸಿ. ನಡುವೆ ನಾವು ಅದನ್ನು 230 ವೋಲ್ಟ್ ಎಸಿ ಮಾಡಿ, ಅಡಾಪ್ಟರಿನಲ್ಲಿ ಮತ್ತೆ 12ಕ್ಕೆ ಇಳಿಸುತ್ತೇವೆ. ಎರಡು ಸಲ ನಷ್ಟ. ರೂಟರಿಗೆ ಅಂತಲೇ ಬರುವ, ತನ್ನದೇ ಬ್ಯಾಟರಿ ಇರುವ ಪುಟ್ಟ ಡಿಸಿ ಯುಪಿಎಸ್ ಹಾಕಿದರೆ ಆ ಸುತ್ತು ತಪ್ಪುತ್ತದೆ. ಮನೆಯಲ್ಲಿ ಇನ್ವರ್ಟರ್ ಆಫ್ ಮಾಡಿದರೂ ರೂಟರ್ ಉಸಿರಾಡುತ್ತಿರುತ್ತದೆ.

ಸೋಲಾರ್ ಯಾಕಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಬಾರ್ಸಿಲೋನಾದಲ್ಲಿ ಲೋ ಟೆಕ್ ಮ್ಯಾಗಜಿನ್ ಅನ್ನುವ ಪತ್ರಿಕೆ 2018ರಿಂದ ತನ್ನ ಸೈಟನ್ನು ಬಾಲ್ಕನಿಯ ಸೋಲಾರ್ ಪ್ಯಾನೆಲ್ಲಿನಿಂದ ನಡೆಸುತ್ತಿದೆ. ಬ್ಯಾಟರಿ ಎಷ್ಟು ಉಳಿದಿದೆ ಅಂತ ಪುಟದ ಮೇಲೆಯೇ ಕಾಣುತ್ತದೆ. ಮೋಡ ಜಾಸ್ತಿಯಾದರೆ ಸೈಟ್ ಮಲಗಬಹುದು ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಮಳೆ ಲೆಕ್ಕದ ಸೈಟ್ ಮೋಡ ಬಂದಾಗ ಮಲಗುವುದು ಅಂದರೆ ನಗೆಪಾಟಲು. ಜುಲೈನಲ್ಲಿ ನಮ್ಮಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ.

ಸಿಡಿಲಿನ ಕಥೆ ಬೇರೆ. ಹೊರಗಿನವರು ಮಳೆಗಾಲದಲ್ಲಿ ಸಿಡಿಲು ಜಾಸ್ತಿ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಗುಡುಗು ಸಿಡಿಲು ಏಪ್ರಿಲ್ ಮೇ ತಿಂಗಳದ್ದು, ಮತ್ತೆ ಅಕ್ಟೋಬರಿನದ್ದು. ಆಷಾಢದ ಮಳೆ ಸುಮ್ನೆ ಸುರಿಯುತ್ತಲೇ ಇರುತ್ತದೆ, ಗುಡುಗು ಅಪರೂಪ. ಅಂದರೆ ಯಂತ್ರಕ್ಕೆ ಅಪಾಯ ಒಂದು ಕಾಲದಲ್ಲಿ, ಸಂಪರ್ಕಕ್ಕೆ ಅಪಾಯ ಇನ್ನೊಂದು ಕಾಲದಲ್ಲಿ. ತಾಮ್ರದ ಟೆಲಿಫೋನ್ ತಂತಿ ಇದ್ದ ದಿನಗಳಲ್ಲಿ ಪ್ರತಿ ಬೇಸಿಗೆಗೆ ಎಷ್ಟೋ ಮನೆಗಳ ಮೋಡೆಮ್ ಸುಟ್ಟುಹೋಗುತ್ತಿತ್ತು. ಫೈಬರಿನ ಒಳಗಿರುವುದು ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರಬೇಕು. ಕೇಬಲ್ ಹಾಕಲು ಬರುವ ಹುಡುಗರಿಗೆ ಇದನ್ನು ಎದುರು ನಿಂತು ಹೇಳಿ ಮಾಡಿಸಬೇಕು. ಅರ್ಥಿಂಗ್ ಗುಂಡಿಗೆ ಫೆಬ್ರವರಿಯಿಂದ ಆಗಾಗ ನೀರು ಹೊಯ್ಯಬೇಕು. ಜಂಬಿಟ್ಟಿಗೆ ಮಣ್ಣು ಒಣಗಿತು ಅಂದರೆ ಉಪ್ಪು ಇದ್ದಿಲು ತುಂಬಿದ ಗುಂಡಿಯೂ ಹೆಸರಿಗೆ ಮಾತ್ರ.

ಮಲೆನಾಡಿನ ಯಾವ ಮನೆಯಲ್ಲೂ ಮೊದಲ ಗುಡುಗಿಗೆ ಪ್ಲಗ್ ಕೀಳದವರಿಲ್ಲ. ನಮ್ಮ ಅಮ್ಮನೂ ಅಷ್ಟೇ. ಟಿವಿ, ಫ್ರಿಜ್, ಸರ್ವರ್ ಅಂತ ಭೇದ ಇಲ್ಲ. ಜಗತ್ತಿನ ಮೊದಲ ವೆಬ್ ಸರ್ವರ್ ಕೂಡ ಮೇಜಿನ ಮೇಲಿನ ಒಂದು ಕಂಪ್ಯೂಟರೇ. ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್ ಲೀ ಅದರ ಮೇಲೆ, ಇದು ಸರ್ವರ್, ಆಫ್ ಮಾಡಬೇಡಿ ಅಂತ ಕೆಂಪು ಶಾಯಿಯಲ್ಲಿ ಬರೆದು ಚೀಟಿ ಅಂಟಿಸಿದ್ದರು. ನಾನೂ ಒಂದು ಚೀಟಿ ಅಂಟಿಸಿದೆ. ಅಮ್ಮ ಓದಿ, "ಸಿಡಿಲಿಗೆ ಓದಕ್ಕೆ ಬರುತ್ತಾ?" ಅಂದರು. ಅವರ ಮಾತು ಸರಿ. ಸಿಡಿಲು ನೆತ್ತಿಯ ಮೇಲೆ ಬರುವ ಮೊದಲೇ ಗೋಡೆಯಿಂದ ಪ್ಲಗ್ ಕೀಳುವುದಕ್ಕಿಂತ ದೊಡ್ಡ ರಕ್ಷಣೆ ಯಾವ ಸರ್ಜ್ ಪ್ರೊಟೆಕ್ಟರಿನಲ್ಲೂ ಇಲ್ಲ. ಈಗಿನ ಚೀಟಿಯಲ್ಲಿ ಇರುವುದು ಇಷ್ಟು: ಗೋಡೆಯ ಪ್ಲಗ್ ಕೀಳಬಹುದು, ಯುಪಿಎಸ್ ಬಟನ್ ಮುಟ್ಟಬಾರದು. ಕಿತ್ತ ಮೇಲೂ ಯುಪಿಎಸ್ ಸ್ವಲ್ಪ ಹೊತ್ತು ತಳ್ಳುತ್ತದೆ. ಅಷ್ಟರಲ್ಲಿ ಗುಡುಗು ಘಟ್ಟ ಇಳಿದಿರುತ್ತದೆ.

ಯಂತ್ರ ಆರಿಸುವಾಗ ನಾನು ವೇಗ ನೋಡಲಿಲ್ಲ. ನೋಡಿದ್ದು ಎರಡೇ ಸಂಗತಿ. ಒಂದು, ಕರೆಂಟ್ ಹೋಗಿ ಬಂದರೆ ಯಾರೂ ಬಟನ್ ಒತ್ತದೆ ತಾನೇ ಎದ್ದು ಕೂರಬೇಕು. ಆಫೀಸ್ ಮಾಲಿನ ಮಿನಿ ಪಿಸಿಗಳಲ್ಲಿ ಎಲ್ಲಕ್ಕಿಂತ ಮೊದಲು ಎದ್ದೇಳುವ ಪ್ರೋಗ್ರಾಮಾದ ಬಯಾಸ್‌ನಲ್ಲಿ ಇದಕ್ಕೆ ಒಂದು ಸೆಟ್ಟಿಂಗ್ ಇರುತ್ತದೆ, ಮೊದಲ ದಿನವೇ ಹಾಕಿಬಿಡಬೇಕು. ಎರಡು, ಗಡಿಯಾರ. ಮೊದಲು ಇಲ್ಲಿದ್ದದ್ದು ರಾಸ್ಪ್‌ಬೆರಿ ಪೈ. 2012ರಲ್ಲಿ 35 ಡಾಲರಿಗೆ ಬಂದ ಆ ಪುಟ್ಟ ಬೋರ್ಡಿನಿಂದಲೇ ಮನೆಯಲ್ಲಿ ಸರ್ವರ್ ಇಡುವ ಹುಚ್ಚು ಎಷ್ಟೋ ಜನಕ್ಕೆ ಹತ್ತಿದ್ದು. ಆದರೆ ಪೈ 4ರ ತನಕದ ಬೋರ್ಡುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋದರೆ ಹೊತ್ತು ಮರೆತುಬಿಡುತ್ತವೆ. ಎದ್ದ ಮೇಲೆ ಇಂಟರ್ನೆಟ್ ಸಿಕ್ಕರೆ ಅಲ್ಲಿಂದ ಕೇಳಿ ಸರಿಮಾಡಿಕೊಳ್ಳುತ್ತವೆ. ಸಿಗದಿದ್ದರೆ ಕೊನೆಗೆ ಉಳಿಸಿಕೊಂಡ ಹೊತ್ತಿನಿಂದಲೇ ಮುಂದುವರಿಯುತ್ತವೆ. ಬೇರೆ ಸೈಟಿಗೆ ಇದು ಸಣ್ಣ ವಿಷಯ ಇರಬಹುದು. ಮಳೆ ಲೆಕ್ಕಕ್ಕೆ ಹಾಗಲ್ಲ. ಎಂಟೂವರೆಗೆ ಬಂದ ಅಂಕಿ ಹಿಂದಿನ ದಿನದ ಖಾತೆಗೆ ಹೋಗಿ ಕೂತರೆ ಆ ತಿಂಗಳ ಲೆಕ್ಕವೇ ಕೆಟ್ಟಿತು. ಮಿನಿ ಪಿಸಿಯಲ್ಲಿ ನಾಣ್ಯದಂಥ ಸೆಲ್ ಒಂದು ಇರುತ್ತದೆ. ಬದಲಾಯಿಸಲು ನೂರು ರೂಪಾಯಿಯೂ ಬೇಡ, ಹೊತ್ತನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಪೈ 5ರಲ್ಲಿ ಆ ಸೌಲಭ್ಯ ಬಂದಿದೆ, ಬ್ಯಾಟರಿ ಬೇರೆ ಕೊಳ್ಳಬೇಕು.

ಬೂಸ್ಟು ಹಿಡಿಯುವುದಿಲ್ಲವಾ ಅಂತ ಕೇಳುವವರಿಗೆ: ಸದಾ ಓಡುವ ಯಂತ್ರ ಒಳಗೆ ಬೆಚ್ಚಗಿರುತ್ತದೆ, ತೇವ ಕೂರುವುದಿಲ್ಲ. ಬೂಸ್ಟು ಹಿಡಿಯುವುದು ಆಫ್ ಮಾಡಿ ಇಟ್ಟದ್ದಕ್ಕೆ. ಹಲ್ಲಿ ಮತ್ತು ಇರುವೆಗೂ ಆ ಬೆಚ್ಚಗೆ ಇಷ್ಟ, ಅದಕ್ಕೆ ತೂತುಗಳಿಗೆ ಸಣ್ಣ ಜಾಲರಿ.

ಇನ್ನು ಹೊರಗಿನವರು ನಮ್ಮ ಮನೆಯ ಯಂತ್ರಕ್ಕೆ ಬಂದು ಮುಟ್ಟುವುದು ಹೇಗೆ? ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಇರುವುದೇ 430 ಕೋಟಿಯಷ್ಟು. ಜಗತ್ತಿನ ಮುಖ್ಯ ದಾಸ್ತಾನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಯಿತು. ಆಮೇಲೆ ಕಂಪನಿಗಳು ಒಂದು ವಿಳಾಸದ ಹಿಂದೆ ಎಷ್ಟೋ ಮನೆಗಳನ್ನು ಕೂರಿಸಿದವು. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರಿಗೆ ಒಳಗೆ ಬರಲು ಬಾಗಿಲು ಇಲ್ಲ. ಹೆಚ್ಚು ದುಡ್ಡು ಕೊಟ್ಟರೆ ಸ್ವಂತ ವಿಳಾಸ ಕೊಡುವವರಿದ್ದಾರೆ. ನಾವು ಟನಲ್ ಹಾಕಿದ್ದೇವೆ. ಮನೆಯ ಯಂತ್ರವೇ ಹೊರಗಿನ ಒಂದು ಸರ್ವರಿಗೆ ಸಂಪರ್ಕ ತೆರೆದು ಹಿಡಿದುಕೊಳ್ಳುತ್ತದೆ, ಓದುಗರು ಅಲ್ಲಿಗೆ ಬರುತ್ತಾರೆ. ಪುಟ ಸುರಕ್ಷಿತ ಅಂತ ಬ್ರೌಸರ್ ತೋರಿಸುವ ಬೀಗದ ಗುರುತಿಗೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪುಕ್ಕಟೆ. ಸಾರ್ವಜನಿಕರಿಗೆ ಅದು ಸಿಗತೊಡಗಿದ 2015ಕ್ಕೆ ಮೊದಲು ಹೆಚ್ಚಿನವರು ಇದಕ್ಕೂ ವರ್ಷ ವರ್ಷ ದುಡ್ಡು ಕೊಡಬೇಕಿತ್ತು.

ಆದರೆ ನಿಜವಾಗಿ ಸೈಟನ್ನು ಕಾಯುವುದು ಟನಲ್ ಅಲ್ಲ. ಸೈಟ್ ಸಣ್ಣದಾಗಿರುವುದು. ಇವತ್ತಿನ ಪಟ್ಟಿಯ ಪುಟ ಹತ್ತು ಹನ್ನೆರಡು ಕೆಬಿ, ಬರೀ ಅಕ್ಷರ. ಹೊಸ ಅಂಕಿ ಬಂದಾಗಲೆಲ್ಲ ಮನೆಯ ಯಂತ್ರ ಆ ಪುಟವನ್ನು ಪೂರ್ತಿ ಬರೆದು, ಹೊರಗೊಂದು ಕಡೆ ಪ್ರತಿ ಇಟ್ಟು ಬರುತ್ತದೆ. ಮನೆ ಉತ್ತರ ಕೊಡದಿದ್ದರೆ ಓದುಗರಿಗೆ ಆ ಪ್ರತಿ ಕಾಣುತ್ತದೆ. ಪ್ರತಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ದಿನಾಂಕ ಮತ್ತು ಗಂಟೆ ಇರಲೇಬೇಕು. ಇದರಲ್ಲಿ ನಾನು ಹಟಮಾರಿ. ನಿನ್ನೆಯ ಅಂಕಿ ಇವತ್ತಿನದರಂತೆ ಕಾಣುವುದಕ್ಕಿಂತ ಪುಟ ತೆರೆಯದಿರುವುದೇ ವಾಸಿ. ತೆರೆಯದ ಪುಟ ನೋಡಿದವರು ಪಕ್ಕದ ಮನೆಗೆ ಫೋನ್ ಮಾಡಿ ಕೇಳುತ್ತಾರೆ. ಸುಳ್ಳು ಪುಟ ನೋಡಿದವರು ಔಷಧಿ ಕಲಸಿಬಿಡುತ್ತಾರೆ.

ಅಂಕಿಗಳು ಒಳಗೆ ಬರುವುದು ಒಂದು ಹಳೆಯ ಆಂಡ್ರಾಯ್ಡ್ ಫೋನಿನ ಮೂಲಕ. ಸಿಮ್ ಹಾಕಿ ಗೂಡಿನಲ್ಲೇ ಇಟ್ಟಿದ್ದೇವೆ, ಬಂದ ಎಸ್ಸೆಮ್ಮೆಸ್ಸನ್ನು ಸರ್ವರಿಗೆ ದಾಟಿಸುತ್ತದೆ. ವಾಟ್ಸಾಪ್ ಯಾಕಲ್ಲ ಅಂದರೆ, ಎಷ್ಟೋ ಕಣಿವೆಗಳಲ್ಲಿ ಡೇಟಾ ಬಾರದ ಕಡೆಯೂ ಎಸ್ಸೆಮ್ಮೆಸ್ ಹೇಗೋ ನುಸುಳಿ ಬರುತ್ತದೆ. ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಕೆಂಪು ದೀಪ ಮಿಣುಕಲು ಶುರುವಾದರೆ ಎಲ್ಲೋ ಎಳೆ ತುಂಡಾಗಿದೆ ಅಂತ ಅರ್ಥ. ಆಗ ಅದೇ ಫೋನಿನ ಡೇಟಾದಲ್ಲಿ ಪುಟ ಹೊರಗೆ ಹೋಗುತ್ತದೆ. ಹನ್ನೆರಡು ಕೆಬಿಗೆ ಒಂದು ಕಡ್ಡಿ ಸಿಗ್ನಲ್ ಸಾಕು. ಫೋನನ್ನು ಇಪ್ಪತ್ನಾಲ್ಕು ಗಂಟೆ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಊದಿಕೊಳ್ಳುತ್ತದೆ, ಅದಕ್ಕೆ ಟೈಮರ್ ಪ್ಲಗ್.

ಜನ ಕಳಿಸುವ ಸಂದೇಶಗಳನ್ನು ಓದುವುದೇ ಒಂದು ಮಜಾ. ಒಬ್ಬರು "84" ಅಂತಾರೆ. ಒಬ್ಬರು "೮೪ ಮಿಮೀ". ಒಬ್ಬರು ಊರ ಹೆಸರು, ನಮಸ್ಕಾರ, ಕ್ಷೇಮ ಸಮಾಚಾರ ಎಲ್ಲ ಬರೆದು ಕೊನೆಗೆ ಅಂಕಿ. ಕಾಫಿ ತೋಟದ ಹಿರಿಯರದ್ದು "3 ಇಂಚು 20 ಸೆಂಟ್ಸ್". ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ತೋಟಗಳ ಮಳೆ ರಿಜಿಸ್ಟರುಗಳೆಲ್ಲ ಇದೇ ಲೆಕ್ಕದಲ್ಲಿ ಬಂದವು. ಇದು 81.3 ಮಿಲಿಮೀಟರ್ ಅಂತ ಪ್ರೋಗ್ರಾಮಿಗೆ ಗೊತ್ತಾಗಬೇಕು. "3.20" ಅಂತ ಮಾತ್ರ ಬಂದರೆ? ಅದು ಇಂಚೋ, ಮೂರು ಮಿಲಿಮೀಟರೋ? ಸುತ್ತಲಿನ ಮನೆಗಳ ಅಂಕಿ ನೋಡಿ ಅನುಮಾನ ಬಂದರೆ ಯಂತ್ರ ತಾನೇ ತೀರ್ಮಾನ ಮಾಡಬಾರದು, ಬದಿಗೆ ಇಟ್ಟು ನಮಗೆ ತೋರಿಸಬೇಕು. ಸೈಟಿನ ಸಾಫ್ಟ್‌ವೇರಿನಲ್ಲಿ ನಿಜಕ್ಕೂ ತಲೆ ಖರ್ಚಾದದ್ದು ಇಷ್ಟಕ್ಕೇ. ಉಳಿದದ್ದೆಲ್ಲ ಸಿದ್ಧವಾಗಿ ಸಿಗುವ ಸಾಮಾನು.

ಇಷ್ಟೆಲ್ಲ ರಗಳೆ ಯಾಕೆ, ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ಬಾಡಿಗೆ ಸರ್ವರ್ ತಗೊಳ್ಳಬಹುದಲ್ವಾ? ತಗೊಳ್ಳಬಹುದು. ಕೆಲಸ ಹೊಸತಾಗಿ ಶುರು ಮಾಡುವ ಬಹಳ ಜನಕ್ಕೆ ನಾನು ಅದನ್ನೇ ಹೇಳುತ್ತೇನೆ. ಆದರೆ ಊರಿನ ಸೈಟುಗಳು ಸಾಯುವುದು ಯಂತ್ರ ಕೆಟ್ಟು ಅಲ್ಲ. ದುಡ್ಡು ಕಟ್ಟುತ್ತಿದ್ದವನು ಊರು ಬಿಟ್ಟು, ಅವನ ಕಾರ್ಡ್ ಅವಧಿ ಮುಗಿದು, ನೆನಪಿನ ಮೇಲ್ ಯಾರೂ ನೋಡದ ವಿಳಾಸಕ್ಕೆ ಹೋಗಿ ಸಾಯುತ್ತವೆ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ಕಾರ್ಡಿನಿಂದ ತಾನೇ ಕಟ್ಟಾಗುತ್ತಿದ್ದ ಪಾವತಿಗಳು ಎಷ್ಟೋ ಜನರಿಗೆ ನಿಂತುಹೋದವು. ಪುಕ್ಕಟೆ ಜಾಗವನ್ನೂ ನಂಬಿ ಕೂರುವಂತಿಲ್ಲ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ. ಮನೆಯ ಗೂಡಿನ ಯಂತ್ರಕ್ಕೆ ವರ್ಷಕ್ಕೆ ಕಟ್ಟಬೇಕಾದ ಬೇರೆ ಬಿಲ್ ಒಂದೇ, ಡೊಮೈನಿನದ್ದು, ಅಂದರೆ ಸೈಟಿನ ಹೆಸರಿನದ್ದು. ಅದನ್ನು ಕೆಲವು ವರ್ಷಕ್ಕೆ ಒಟ್ಟಿಗೆ ಕಟ್ಟಿಟ್ಟಿದ್ದೇವೆ. ಇಷ್ಟು ವರ್ಷದ ಮಳೆಯ ಅಷ್ಟೂ ಅಂಕಿ ಒಂದು ಫೋಟೋದಷ್ಟು ದೊಡ್ಡ ಫೈಲು. ದಿನಾ ರಾತ್ರಿ ಅದರ ಒಂದು ಪ್ರತಿ ಬೆಂಗಳೂರಿನ ಭಾವನ ಮನೆಗೆ ಹೋಗುತ್ತದೆ, ಇನ್ನೊಂದು ಪೆನ್‌ಡ್ರೈವಿಗೆ.

ಉಳಿದದ್ದು ಮನುಷ್ಯರ ವಿಷಯ. ನಾನು ಊರಲ್ಲಿ ಇಲ್ಲದ ದಿನ ಏನು? ಕೆಳಗಿನ ಮನೆಯ ಸೊಸೆ ಬಿ.ಎಸ್ಸಿ. ಮಾಡಿದವಳು, ಕಂಪ್ಯೂಟರ್ ಅಂದರೆ ಹೆದರಿಕೆ ಇಲ್ಲ. ಏನು ಕೆಟ್ಟರೆ ಏನು ನೋಡಬೇಕು ಅಂತ ಅವಳಿಗೆ ಒಂದು ಹಾಳೆ ಬರೆದುಕೊಟ್ಟೆ. ಅವಳು ಅದನ್ನು ಓದಿ, "ಅಣ್ಣ, ಇದು ನಿಮಗೆ ನೀವೇ ಬರ್ಕೊಂಡ ಹಾಗಿದೆ" ಅಂದು ಮನೆಗೆ ಒಯ್ದಳು. ವಾಪಸ್ ಬಂದ ಹಾಳೆ ಬೇರೆಯೇ ಆಗಿತ್ತು. ಮೊದಲ ಸಾಲು: ಕೆಂಪು ದೀಪ ಇದೆಯಾ ನೋಡು. ಇದ್ದರೆ ಏನೂ ಮುಟ್ಟಬೇಡ, ಕೇಬಲಿನವರಿಗೆ ಫೋನ್ ಮಾಡು. ಎರಡನೆಯದು: ಇಲ್ಲದಿದ್ದರೆ ಪ್ಲಗ್ ನೋಡು, ಅಮ್ಮ ಕಿತ್ತಿರಬಹುದು. ನನ್ನ ಹಾಳೆಯಲ್ಲಿ ಈ ಎರಡೂ ಕೊನೆಯ ಪುಟದಲ್ಲಿದ್ದವು.

ಈಗ ಪಾಸ್‌ವರ್ಡ್ ಅವಳ ಹತ್ತಿರವೂ ಇದೆ. ಕಳೆದ ಸಲ ನಾನು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಪ್ರತಿ ಅಂಕಿಯ ಪಕ್ಕ ಕಂಸದಲ್ಲಿ ಇಂಚು ಮತ್ತು ಸೆಂಟ್ಸ್ ಬಂದು ಕೂತಿತ್ತು. ಕೇಳಿದರೆ, "ಮಾವನಿಗೆ ಮಿಲಿಮೀಟರ್ ಅಂದ್ರೆ ಅದು ಮಳೆಯೇ ಅಲ್ಲ" ಅಂದಳು. ಪುಟದ ಗಾತ್ರ ಒಂದು ಕೆಬಿ ಜಾಸ್ತಿಯಾಗಿದೆ. ಎಸ್ಸೆಮ್ಮೆಸ್ ಮಾತ್ರ ಕಳಿಸುತ್ತಿದ್ದ ಹಿರಿಯರು ಈಗ ಪುಟವನ್ನೂ ತೆರೆದು ನೋಡುತ್ತಿದ್ದಾರೆ, ತಪ್ಪು ಕಂಡರೆ ಫೋನ್ ಬರುವುದು ಅವಳಿಗೆ.